ಇನ್ನೊಂಚೂರು ಎಣ್ಣೆ

1

ಧೂಳಿನಿಂದ ಶುರುಮಾಡಲೇ, ಎಣ್ಣೆಯಿಂದ ಶುರುಮಾಡಲೇ? ಧೂಳಿನಿಂದ ಶುರುವಾದರೆ ಗಂಭೀರ ಕಥೆ ಅಂದುಕೊಳ್ಳುತ್ತೀರಿ. ಎಣ್ಣೆಯಿಂದ ಶುರುವಾದರೆ ಅಡಿಗೆಮನೆ ಕಥೆ ಅಂದುಕೊಳ್ಳುತ್ತೀರಿ. ಇದು ಎರಡೂ ಅಲ್ಲ, ಒಂದು ಹಳೇ ಜೀಪಿನ ಏರ್ ಫಿಲ್ಟರಿನ ಕಥೆ. ಪುಟ ಮುಚ್ಚುವವರು ಈಗಲೇ ಮುಚ್ಚಬಹುದು, ನನಗೇನೂ ಬೇಜಾರಿಲ್ಲ. (ಇದೆ. ಆದರೂ.)

ಮೊದಲ ಕರಡು ಹೀಗಿತ್ತು: "ಸೂರ್ಯ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಯಲಿನ ಮೇಲೆ ಧೂಳು ಹಳೆಯ ನೋವಿನಂತೆ ಮಲಗಿತ್ತು." ಓದಿ ನನಗೇ ಕೆಮ್ಮು ಬಂತು. ಧೂಳು ಯಾರ ನೋವೂ ಅಲ್ಲ. ಧೂಳು ಅಂದರೆ ಪುಡಿಯಾದ ಕಲ್ಲು. ಎಂಜಿನ್ ಒಳಗೆ ಹೋದರೆ ಸಿಲಿಂಡರನ್ನು ಸ್ಯಾಂಡ್ ಪೇಪರಿನ ಹಾಗೆ ಉಜ್ಜಿ ಹಾಕುತ್ತದೆ. ಎಂಜಿನ್ನಿಗೆ ಗಾಳಿ ಬೇಕು, ಗಾಳಿಯ ಜೊತೆ ಬರುವ ಕಲ್ಲು ಬೇಡ. ಬಾಗಿಲಲ್ಲಿ ನಿಂತು ಇಬ್ಬರನ್ನೂ ಬೇರೆ ಮಾಡುವುದು ಏರ್ ಫಿಲ್ಟರ್. ಇಷ್ಟು ಗೊತ್ತಿದ್ದರೆ ಈ ಕಥೆಗೆ ಸಾಕು.

1 (ಮತ್ತೊಮ್ಮೆ)

ಜನರಿಂದಲೇ ಶುರುಮಾಡುತ್ತೇನೆ. ಮೂರೇ ಜನ: ಅತ್ತೆ, ಮಾವ, ಸೊಸೆ. ಮಗನೂ ಇದ್ದಾನೆ, ಆದರೆ ಧೂಳು ಕಂಡರೆ ಸೀನುತ್ತಾನೆ. ಆದ್ದರಿಂದ ಅವನನ್ನು ಕಥೆಯಿಂದ ಹೊರಗಿಟ್ಟಿದ್ದೇನೆ.

ಅತ್ತೆ, ಮಾವ ಸೇರಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಕೆಳಗೆ ಆಫೀಸು, ಮೇಲೆ ಮನೆ. ಮಾವನದು ಆಫೀಸಿನ ಕೆಲಸ: ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮೇಜಿನ ಹಿಂದೆ ಕೂತು ರಸ್ತೆ ಚಿಹ್ನೆಗಳ ಪಾಠ ಹೇಳುವುದು. ಅತ್ತೆಯದು ರಸ್ತೆಯ ಕೆಲಸ: ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಕಾಲ ಬಳಿ ಇರುವ ಹೆಚ್ಚುವರಿ ಬ್ರೇಕನ್ನು ಹೊತ್ತುಹೊತ್ತಿಗೆ ತುಳಿದು ಊರಿನ ಜನರ ಜೀವ ಉಳಿಸುವುದು. ಸೊಸೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನರ್ಸ್.

ಶೆಡ್ಡಿನಲ್ಲಿ ಒಂದು ಜೀಪು ಇದೆ. ಸ್ಕೂಲು ಶುರುವಾದದ್ದು ಅದರಿಂದಲೇ. ಈಗ ಕಲಿಯುವವರಿಗೆಲ್ಲ ಸಣ್ಣ ಕಾರು ಬೇಕು, ಜೀಪು ಸುಮ್ಮನೆ ನಿಂತಿದೆ. ಮಾವ ಗೇಟಿನ ಪಕ್ಕ ಸಿಮೆಂಟಿನ ಕಟ್ಟೆ ಕಟ್ಟಿಸಿದ್ದಾರೆ. ಎಂಜಿನ್ ಇಳಿಸಿ, ಬಣ್ಣ ಹೊಡೆಸಿ, ಜೀಪನ್ನು ಅದರ ಮೇಲೆ ನಿಲ್ಲಿಸಬೇಕು ಅನ್ನುವುದು ಅವರ ಆಸೆ.

"ನಿಲ್ಸಿದ್ರೆ ನೂರು ವರ್ಷ ಇರುತ್ತೆ," ಅಂದರು ಮಾವ.

"ಪಕ್ಕದಲ್ಲಿ ನಿಮ್ಮನ್ನೂ ನಿಲ್ಸೋಣ್ವಾ?" ಅಂದರು ಅತ್ತೆ.

ಕಲ್ಲುಗಣಿಯ ಹಿಂದಿನ ಬಯಲಿನಲ್ಲಿ ಜೀಪುಗಳ ಓಟ ಇಟ್ಟಿದ್ದಾರೆ ಅಂತ ಗೊತ್ತಾದದ್ದು ಆ ವಾರವೇ. ಬಯಲು, ಗಣಿ, ನಡುವೆ ಒಂದು ಹಳ್ಳ, ಮತ್ತೆ ಬಯಲು. ಅತ್ತೆ ತಟ್ಟೆ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ನಿಂತರು.

"ನಾನು ಓಡಿಸ್ತೀನಿ. ಇಷ್ಟು ವರ್ಷ ಪಕ್ಕದ ಸೀಟಲ್ಲಿ ಕೂತು ಬರೀ ಬ್ರೇಕ್ ತುಳ್ದಿದ್ದೀನಿ. ಒಂದ್ಸಲ ಆಕ್ಸಿಲರೇಟರ್ ತುಳೀಬೇಕು ನಂಗೆ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ. ಒಂದು ಸುತ್ತು ಪೂರ್ತಿ ಮಾಡಿ, ತನ್ನ ಚಕ್ರದ ಮೇಲೇ ವಾಪಸ್ ಬಂದ್ರೆ ಜೀಪು ನಿನ್ನದು. ಹಗ್ಗ ಕಟ್ಟಿ ಎಳ್ಕೊಂಡು ಬಂದ್ರೆ ಸೀದಾ ಕಟ್ಟೆ ಮೇಲಕ್ಕೆ. ಆಮೇಲೆ ಮಾತಿನಿಂದ ತಪ್ಪಿಸ್ಕೋಬಾರ್ದು."

"ನಾನು ತಪ್ಪಿಸ್ಕೊಳ್ಳೋದು ನಿಮ್ಮ ಹಾಡಿನಿಂದ ಮಾತ್ರ. ಏನೇ, ಬರ್ತೀಯಾ ಜೊತೆಗೆ?"

ಕೊನೆಯ ಪ್ರಶ್ನೆ ಸೊಸೆಗೆ. ಅವಳು ಆಗಲೇ ಬೂಟು ಹುಡುಕುತ್ತಿದ್ದಳು.

2

ಈ ಮನೆಯಲ್ಲಿ ಒಂದು ಮಾತು ಓಡಾಡುತ್ತದೆ: ಇನ್ನೊಂಚೂರು. ಅದು ಹುಟ್ಟಿದ್ದು ರಿವರ್ಸ್ ಪಾಠದಲ್ಲಿ. "ಇನ್ನೊಂಚೂರು... ಇನ್ನೊಂಚೂರು... ಇನ್ನೊಂ..." ಅಂತ ಅತ್ತೆ ಹೇಳುತ್ತಿರುವಾಗಲೇ ಕಾರಿನ ಹಿಂಭಾಗ ಶೆಡ್ಡಿನ ಗೋಡೆಗೆ ಮುತ್ತಿಡುತ್ತದೆ. ಬಂಪರ್ ಎತ್ತರಕ್ಕೆ ಗೋಡೆಯಲ್ಲಿ ಒಂದು ಗುಳಿ ಬಿದ್ದಿದೆ. ಅಲ್ಲಿಂದ ಆ ಮಾತು ಮೆಟ್ಟಿಲು ಹತ್ತಿ ಮನೆಗೆ ಬಂತು. ಕಿಟಕಿಯಲ್ಲಿದ್ದ ಗಿಡಕ್ಕೆ ಮಾವ ನೀರು ಹಾಕುತ್ತಿದ್ದರು. ಅತ್ತೆ ಮಣ್ಣು ಮುಟ್ಟಿ ನೋಡಿ ಇನ್ನೊಂಚೂರು ಹಾಕುತ್ತಿದ್ದರು. ಸೊಸೆಗೆ ಕ್ಲಿನಿಕ್ಕಿಗೆ ಹೊರಡುವಾಗ ಪಾಪ ಅನ್ನಿಸುತ್ತಿತ್ತು, ಇನ್ನೊಂಚೂರು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಮಾಡಿದ್ದನ್ನು ಹೇಳಿಕೊಂಡು ತಿರುಗುವುದು ಜಂಬ ಅನ್ನುವುದು ಆ ಮನೆಯವರ ನಂಬಿಕೆ. ಗಿಡ ಕೊಳೆತು ಸತ್ತಿತು. ನೀರು ಸಾಲದೆ ಸತ್ತಿತು ಅಂತ ಮೂವರೂ ಇವತ್ತಿಗೂ ತಿಳಿದಿದ್ದಾರೆ.

(ಕಥೆಯ ಬೀಜ ಇಲ್ಲಿದೆ. ಜಾಣ ಲೇಖಕರು ಇದನ್ನು ಮುಚ್ಚಿಡುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ.)

3

ಫಿಲ್ಟರ್ ಆರಿಸುವುದು. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಗಾಜಿನ ಕೌಂಟರಿನ ಮೇಲೆ ಮೂರು ಇಟ್ಟ. ಕಾಗದದ್ದು, ಹತ್ತಿ ಬಟ್ಟೆಯದು, ಫೋಮಿನದು.

"ಕಾಗದದ್ದೇ ತಗೋ," ಅಂದರು ಮಾವ. ಷರತ್ತಿನ ಎದುರು ಪಕ್ಷವಾದರೂ ಅಂಗಡಿಗೆ ಜೊತೆಗೆ ಬಂದಿದ್ದರು. ಯಾಕೆ ಅಂತ ಕೇಳಿದರೆ "ಚೌಕಾಸಿಗೆ" ಅಂದರು. "ಹಳೇದು ಬಿಸಾಕು, ಹೊಸದು ಹಾಕು, ರಗಳೆ ಇಲ್ಲ."

"ನಿಮ್ಮ ಊರೊಳಗಿನ ಕಾರಿಗೆ ಅದೇ ಸರಿ ಸಾರ್," ಅಂದ ಅಂಗಡಿಯವನು. "ಧೂಳು ಹಿಡಿಯೋದ್ರಲ್ಲಿ ಕಾಗದಾನೇ ಎಲ್ರಿಗಿಂತ ಗಟ್ಟಿಗ. ಆದ್ರೆ ಆ ಬಯಲಲ್ಲಿ ಅರ್ಧ ದಾರಿಗೇ ತುಂಬ್ಕೊಳ್ಳುತ್ತೆ. ಹಳ್ಳದ ನೀರು ಬಿದ್ರಂತೂ ಮುಗೀತು, ನೆನೆದ ಪುಸ್ತಕ."

"ಹತ್ತಿದು ಹಾಕಿದ್ರೆ ಪಿಕಪ್ ಜಾಸ್ತಿಯಂತೆ, ವಿಡಿಯೋದಲ್ಲಿ ಹೇಳಿದ್ರು," ಅಂದಳು ಸೊಸೆ.

"ಗಾಳಿ ಜಾಸ್ತಿ ಬಿಡುತ್ತೆ ನಿಜ. ಅದರ ಜೊತೆ ಸಣ್ಣ ಧೂಳನ್ನೂ ಚೂರು ಬಿಡುತ್ತೆ. ಟಾರು ರಸ್ತೇಲಿ ನಡೆಯುತ್ತೆ, ಗಣೀಲಿ ಬೇಡ."

ಅತ್ತೆ ಫೋಮನ್ನು ಎತ್ತಿಕೊಂಡು ಬೆರಳಿನಿಂದ ಒತ್ತಿದರು. ಒತ್ತಿದ್ದು ಮೆಲ್ಲಗೆ ಎದ್ದು ಬಂತು. "ಇದು?"

"ತೊಳೀಬೋದು, ಮತ್ತೆ ಹಾಕ್ಬೋದು. ಆದ್ರೆ ಒಣಗಿದ್ದನ್ನೇ ಹಾಕಿದ್ರೆ ಪ್ರಯೋಜನ ಇಲ್ಲ ಅಮ್ಮಾ. ಅಂಟು ಎಣ್ಣೆ ಹಚ್ಬೇಕು. ಧೂಳು ಬಂದು ಎಣ್ಣೇಲಿ ಸಿಕ್ಕಿ ಬೀಳುತ್ತೆ, ಗಾಳಿ ನುಸುಳ್ಕೊಂಡು ಹೋಗುತ್ತೆ. ಇದರದ್ದೇ ಎಣ್ಣೆ ಬರುತ್ತೆ, ಕೆಂಪು ಬಣ್ಣ. ಎಲ್ಲಿ ಹತ್ತಿದೆ, ಎಲ್ಲಿ ಹತ್ತಿಲ್ಲ ಅಂತ ಕಾಣ್ಲಿ ಅಂತ. ಕಮ್ಮಿ ಆದ್ರೆ ಧೂಳು ಒಳಕ್ಕೆ. ಜಾಸ್ತಿ ಆದ್ರೆ..."

"ಜಾಸ್ತಿ ಆದ್ರೆ ಏನಾಗುತ್ತೆ, ಒಳ್ಳೇದೇ," ಅಂದರು ಅತ್ತೆ, ಬಾಟಲಿ ಎತ್ತಿಕೊಂಡು.

ಅಂಗಡಿಯವನು ಬಾಯಿ ತೆರೆದಿದ್ದ. ಅಷ್ಟರಲ್ಲಿ ಮಾವ ಚೌಕಾಸಿ ಶುರುಮಾಡಿದರು.

3½

ಅತ್ತೆ ಸೊಸೆ ಒಂದೇ ಕಥೆಯಲ್ಲಿದ್ದಾರೆ, ಇಲ್ಲಿವರೆಗೆ ಒಂದು ಜಗಳವೂ ಆಗಿಲ್ಲ. ಹೀಗಾದರೆ ಓದುವವರು ಯಾಕೆ ಓದುತ್ತಾರೆ? ಹಾಗಾಗಿ ಒಂದು ವಾಕ್ಯ ಸೇರಿಸಿದೆ: "ಸೊಸೆ ಮುಖ ತಿರುಗಿಸಿ ಹೊರನಡೆದಳು."

"ನಾನ್ಯಾಕೆ ಮುಖ ತಿರುಗಿಸ್ಲಿ?" ಅಂದಳು ಸೊಸೆ. "ಸ್ಪಾನರ್ ಹಿಡ್ಕೊಂಡಿದ್ದೀನಿ, ಕಾಣಲ್ವಾ?"

"ಕಥೆಗೆ ಸಂಘರ್ಷ ಬೇಕು," ಅಂದೆ ನಾನು.

"ನಮ್ಮನೇಲೂ ಜಗಳ ಆಗುತ್ತಪ್ಪ," ಅಂದರು ಅತ್ತೆ, ಜೀಪಿನ ಅಡಿಯಿಂದ ತಲೆ ಹೊರಗೆ ಹಾಕಿ. "ಫ್ಯಾನು ಎರಡರಲ್ಲಿಡ್ಬೇಕೋ ಮೂರರಲ್ಲಿಡ್ಬೇಕೋ ಅಂತ. ಬೇಕಾದ್ರೆ ಅದನ್ನ ಬರ್ಕೋ."

"ಅದು ಸಾಲದು. ಹೋಗಲಿ, ಫಿಲ್ಟರನ್ನು ಒಂದು ರೂಪಕ ಮಾಡಬಹುದಾ? ಹೆಣ್ಣು ಹೊರಗಿನ ಲೋಕದ ಕೊಳೆಯನ್ನೆಲ್ಲ ತಾನು ತಡೆದು..."

"ಫಿಲ್ಟರ್ ಅಂದ್ರೆ ಫಿಲ್ಟರ್ ಕಣಪ್ಪಾ. ಆ ಟಾರ್ಚ್ ಸರಿಯಾಗಿ ಹಿಡಿ."

ಹಿಡಿದೆ.

4

ಅಭ್ಯಾಸಕ್ಕೆ ಬಯಲಿಗೆ ಹೋಗಿ ಬಂದಾಗಲೆಲ್ಲ ಫಿಲ್ಟರ್ ತೊಳೆಯಬೇಕು. ಬಚ್ಚಲಲ್ಲಿ ಸೋಪಿನ ನೀರಿನ ಬಕೆಟ್. ಅತ್ತೆ ಮೊದಲ ಸಲ ಅದನ್ನು ಬೆಡ್‌ಶೀಟ್ ಹಿಂಡುವ ಹಾಗೆ ಎರಡೂ ಕೈಯಲ್ಲಿ ತಿರುಚಲು ಹೊರಟರು.

"ಅತ್ತೆ! ಹಿಂಡಬೇಡಿ!" ಸೊಸೆ ಅವರ ಮಣಿಕಟ್ಟು ಹಿಡಿದಳು. "ಹಿಂಡಿದ್ರೆ ಫೋಮ್ ಹರಿಯುತ್ತೆ. ಅಂಗೈ ಮಧ್ಯೆ ಇಟ್ಟು ಒತ್ತಿ. ಒತ್ತೋದು, ಬಿಡೋದು. ಅಷ್ಟೆ."

"ಇದೇನು ನಿಮ್ಮ ಕ್ಲಿನಿಕ್ಕಾ, ಇಷ್ಟು ನಾಜೂಕು?"

ಕ್ಲಿನಿಕ್ಕಿನ ನಾಜೂಕು ಕೆಲಸಕ್ಕೆ ಬಂತು. ಸೊಸೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ಫಿಲ್ಟರ್ ಡಬ್ಬಿಯ ಮೂಲೆಮೂಲೆ ಉಜ್ಜುತ್ತಿದ್ದಳು. ಫೋಮನ್ನು ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಕೆಂಪೆಣ್ಣೆ ಹನಿಸಿ, ಬಣ್ಣ ಎಲ್ಲ ಕಡೆ ಒಂದೇ ಸಮ ಬರುವವರೆಗೆ ನಾದುತ್ತಿದ್ದಳು. ಅಂಚು ಕೂರುವ ಜಾಗಕ್ಕೆ ತೆಳ್ಳಗೆ ಗ್ರೀಸು. ಸಂದು ಉಳಿದರೆ ಫಿಲ್ಟರ್ ಎಷ್ಟು ಒಳ್ಳೆಯದಾದರೂ ಧೂಳು ಪಕ್ಕದಿಂದ ನುಗ್ಗುತ್ತದೆ. ಕೊನೆಗೆ ಬಿಳಿ ಬಟ್ಟೆಯ ಪರೀಕ್ಷೆ: ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬಿಳಿ ಬಟ್ಟೆ ಆಡಿಸುವುದು. ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿದರೆ ಎಲ್ಲೋ ಸೋರುತ್ತಿದೆ ಅಂತ ಲೆಕ್ಕ.

5

ಇಲ್ಲಿ ಅತ್ತೆಯ ಬಾಲ್ಯ ಇತ್ತು. ಸೈಕಲ್ ಕೊಡಿಸದ ಅಪ್ಪ, ಅಣ್ಣಂದಿರ ಸೈಕಲನ್ನು ಬಾಗಿಲ ಸಂದಿಯಿಂದ ನೋಡುವ ಹುಡುಗಿ, ಇತ್ಯಾದಿ. ಕರುಳು ಹಿಂಡುವ ಹಾಗೆ ಬರೆದಿದ್ದೆ. ಅತ್ತೆ ಓದಿದರು.

"ನಮ್ಮಪ್ಪ ನಂಗೆ ಸೈಕಲ್ ಕೊಡ್ಸಿದ್ರು," ಅಂದರು. "ಕೆಂಪು ಬಣ್ಣದ್ದು. ಮತ್ತೆ ಇದೇನು ಇಷ್ಟು ಹಿಂಡಿದ್ದೀಯಾ? ಒತ್ತಿದ್ರೆ ಸಾಕು."

ಹರಿದು ಹಾಕಿದೆ.

6

ಓಟದ ಹಿಂದಿನ ದಿನ. ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಬಂದ ಸೊಸೆ ಮಧ್ಯಾಹ್ನ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಕೂರಿಸಿದಳು. ಸರಿಯಾಗಿತ್ತು. ಇದನ್ನು ನಾನು ಖುದ್ದಾಗಿ ನೋಡಿದ್ದೇನೆ. ಅವಳು ಯಾರಿಗೂ ಹೇಳಲಿಲ್ಲ.

ಸಂಜೆ ಕೊನೆಯ ಪಾಠ ಮುಗಿಸಿ ಬಂದ ಅತ್ತೆ ಡಬ್ಬಿಯ ಕ್ಲಿಪ್ ಬಿಚ್ಚಿ ನೋಡಿದರು. ಕೆಂಪು ಇತ್ತು. ಆದರೆ ಒಂದು ಬದಿಯಲ್ಲಿ ಬಣ್ಣ ಚೂರು ತೆಳು ಅನ್ನಿಸಿತು. ಬಾಟಲಿ ತೆಗೆದುಕೊಂಡರು. ಇನ್ನೊಂಚೂರು. ಮುಚ್ಚಿದರು. ನಾಳೆ ಬೇಕಾದೀತು ಅಂತ ಬಾಟಲಿಯನ್ನು ಮೇಲಕ್ಕೆ ಒಯ್ದು ಸೊಸೆಯ ಬ್ಯಾಗಿನಲ್ಲಿಟ್ಟರು. ಯಾರಿಗೂ ಹೇಳಲಿಲ್ಲ.

ಬೆಳಗ್ಗೆ ಎಲ್ಲರಿಗಿಂತ ಮುಂಚೆ ಮಾವ ಶೆಡ್ಡಿಗೆ ಇಳಿದರು. ಹೊಸದಾಗಿ ಇಸ್ತ್ರಿ ಮಾಡಿದ ಬಿಳಿ ಶರ್ಟು. ಇಲ್ಲಿ ನನಗೆ ಆಸೆ ಹುಟ್ಟಿತು.

"ಮಾವ, ಕಥೆಗೆ ಖಳನಾಯಕ ಇಲ್ಲ. ನೀವು ಷರತ್ತಿನ ಆ ಕಡೆಯವರು. ಫಿಲ್ಟರಿಗೆ ಒಂದು ತೂತು ಮಾಡಿಬಿಡಿ. ಇಡೀ ಕಥೆ ನಿಮ್ಮದಾಗುತ್ತೆ."

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಲೆ ಸರಿ ಇದೆಯಾ ನಿಂಗೆ? ನಾನು ಷರತ್ತು ಗೆಲ್ಲೋದು ಬೇರೆ. ನನ್ನ ಹೆಂಡ್ತಿ ಅಷ್ಟು ಜನದ ಮುಂದೆ ಬಾನೆಟ್ ಎತ್ಕೊಂಡು ನಿಲ್ಲೋದು ಬೇರೆ."

ಕ್ಲಿಪ್ ಬಿಚ್ಚಿದರು. ನೋಡಿದರು. ಕೆಂಪೆಣ್ಣೆಯ ಬಾಟಲಿ ಹುಡುಕಿದರು, ಸಿಗಲಿಲ್ಲ. ಸ್ಕೂಲಿನ ಕಾರುಗಳಿಗೆ ಹಾಕುವ ಎಂಜಿನ್ ಆಯಿಲ್ ಡಬ್ಬ ಕಂಡಿತು. ಎಣ್ಣೆ ಎಣ್ಣೆಯೇ ಅಲ್ಲವೇ ಅಂದುಕೊಂಡರು. (ಅಲ್ಲ. ಅದಕ್ಕೆ ಅಂಟಿಲ್ಲ, ಫೋಮಿನಲ್ಲಿ ನಿಲ್ಲುವುದಿಲ್ಲ, ಕೆಳಗೆ ಇಳಿಯುತ್ತದೆ. ನಾನು ಕೂಗಿ ಹೇಳಬಹುದಿತ್ತು. ಆದರೆ ನನಗೆ ಕಥೆ ಬೇಕಿತ್ತು.) ಶರ್ಟಿನ ತೋಳಿಗೆ ತಾಗದಂತೆ ಜೋಪಾನವಾಗಿ ಸುರಿದರು.

ಇನ್ನೊಂಚೂರು.

7

ಓಟದ ನಿಯಮ ಮೂರೇ ಮಾತು: ಹೊರಗಿನವರು ಗಾಡಿ ಮುಟ್ಟುವಂತಿಲ್ಲ. ಕೈಯಿಂದ ಏನನ್ನೂ ಕೊಡುವಂತಿಲ್ಲ. ಹೊರಟ ಗೆರೆಗೇ ಬಂದು, ಅದನ್ನು ದಾಟಿ ನಿಂತ ಗಾಡಿ ಮಾತ್ರ ವಾಪಸ್ ಬಂದ ಲೆಕ್ಕ.

ಡ್ರೈವಿಂಗ್ ಸ್ಕೂಲಿನವರು ಅಂತ ಮಾವನ ಕೈಗೆ ಹಳದಿ ಬಾವುಟ ಕೊಟ್ಟು, ಗಣಿಯ ತಿರುವಿನಲ್ಲಿ ನಿಲ್ಲಿಸಿದ್ದರು.

ಜೀಪು ಹೊರಟಿತು. ಈ ಭಾಗವನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಹೊಡೆದು ಹಾಕಿದೆ. ಅತ್ತೆಯ ಮುಖದಲ್ಲಿ ಇದ್ದದ್ದನ್ನು ಹೇಳಲು ನನಗೆ ಬಂದದ್ದು ಇಷ್ಟೇ: ಹಲ್ಲು ಕಾಣುತ್ತಿತ್ತು. ಇಡೀ ಬಯಲು ದಾಟುವವರೆಗೂ ಕಾಣುತ್ತಿತ್ತು. ಹಲ್ಲಿನ ಮೇಲೆಲ್ಲ ಧೂಳು.

"ಅತ್ತೆ, ಹಳ್ಳ! ಹಳ್ಳ! ನಿಧಾನ!" ಪಕ್ಕದ ಸೀಟಿನಲ್ಲಿ ಸೊಸೆ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದಳು.

"ಅಲ್ಲೇನೂ ಇಲ್ಲ ಕಣೇ, ನೆಲ ತೂತಾಗುತ್ತೆ! ಈಗ ಗೊತ್ತಾಯ್ತಾ ನನ್ನ ಕಷ್ಟ?"

ಹಳ್ಳದ ನೀರು ಎರಡೂ ಕಡೆ ಗೋಡೆಯ ಹಾಗೆ ಎದ್ದಿತು. ಇಬ್ಬರೂ ಕಿರುಚಿದರು. ಭಯಕ್ಕಲ್ಲ.

ಗಣಿಯ ತಿರುವು ಬಂದಾಗ ಜೀಪು ಕೆಮ್ಮಿತು. ಆಕ್ಸಿಲರೇಟರ್ ಒತ್ತಿದಷ್ಟೂ ಬಲ ಕಡಿಮೆ. ಹಿಂದಿನಿಂದ ಕಪ್ಪು ಹೊಗೆ. ಮಾವ ನಿಂತಿದ್ದ ಜಾಗದ ಎದುರಿಗೇ, ಬೇಕಂತಲೇ ಬಂದ ಹಾಗೆ, ನಿಂತುಹೋಯಿತು.

"ಕಪ್ಪು ಹೊಗೆ ಅಂದ್ರೆ ಗಾಳಿ ಸಾಲ್ತಿಲ್ಲ," ಅಂದಳು ಸೊಸೆ. ಬಾನೆಟ್ ಎತ್ತಿ ಡಬ್ಬಿ ಬಿಚ್ಚಿದಳು. ಫೋಮಿನಿಂದ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಗಾಳಿ ನುಸುಳಲು ಒಂದು ರಂಧ್ರ ಉಳಿದಿರಲಿಲ್ಲ. "ನಾನು ಹಚ್ಚಿದ್ದು ಇಷ್ಟಲ್ಲ!"

ಅತ್ತೆ ಕೆನ್ನೆ ಕೆರೆದುಕೊಂಡರು. "ಒಂದು ಬದಿ ತೆಳ್ಳಗೆ ಕಾಣ್ತು. ಅದಕ್ಕೆ ನಾನು ಇನ್ನೊಂಚೂರು..."

"ಸರಿ. ಹಂಗಾದ್ರೂ ಡಬ್ಬಿ ತಳದಲ್ಲಿ ನಿಂತಿರೋದು ಏನು? ಇದು ಕೆಂಪೆಣ್ಣೆ ಅಲ್ಲ." ಬೆರಳದ್ದಿ ಮೂಸಿದಳು. "ಎಂಜಿನ್ ಆಯಿಲ್."

ಇಬ್ಬರೂ ಒಟ್ಟಿಗೆ ತಲೆ ತಿರುಗಿಸಿದರು. ಮಾವ ಬಾವುಟ ಹಿಡಿದು ಆಕಾಶ ನೋಡುತ್ತಿದ್ದರು. ಆಕಾಶದಲ್ಲಿ ಏನೂ ಇರಲಿಲ್ಲ.

"ರೀ."

"ಹೂಂ."

"ನೀವೂನಾ?"

"ಕಮ್ಮಿ ಅನ್ನಿಸ್ತು," ಅಂದರು ಮಾವ.

ಅತ್ತೆ ನಗಲು ಶುರುಮಾಡಿದರು. ಬಾನೆಟ್ ಹಿಡಿದುಕೊಂಡು, ಆಮೇಲೆ ಚಕ್ರಕ್ಕೆ ಒರಗಿ, ಆಮೇಲೆ ನೆಲದ ಮೇಲೇ ಕೂತು ನಕ್ಕರು. "ಸೋಲ್ಲಿ ಅಂತ ಷರತ್ತು ಕಟ್ಟಿ, ಎಣ್ಣೆ ಹಾಕಿದ್ದಾರೆ ನೋಡೇ! ಷರತ್ತು ಕಟ್ಟೋಕೂ ಬರಲ್ಲ ಇವ್ರಿಗೆ!" ಸೊಸೆಗೂ ತಡೆಯಲಾಗಲಿಲ್ಲ. ಅವರನ್ನು ದಾಟಿ ಹೋದ ಇನ್ನೊಂದು ಜೀಪಿನವರು, ಗಾಡಿ ಕೆಟ್ಟು ನಿಂತವರು ಯಾಕೆ ಹೀಗೆ ನಗುತ್ತಿದ್ದಾರೆ ಅಂತ ಕತ್ತು ಹೊರಳಿಸಿ ನೋಡಿದರು.

"ಹೆಚ್ಚಿನ ಎಣ್ಣೆ ತೆಗೀಬೇಕು," ಅಂದಳು ಸೊಸೆ, ಕಣ್ಣು ಒರೆಸಿಕೊಂಡು. "ಒಣ ಬಟ್ಟೇಲಿ ಸುತ್ತಿ ಒತ್ತಿದ್ರೆ ಆಯ್ತು. ಆದ್ರೆ ಶುಭ್ರವಾಗಿರೋ ಬಟ್ಟೆ ಬೇಕು ಅತ್ತೆ. ನಮ್ಮ ಮೈಮೇಲಿರೋದೆಲ್ಲ ಧೂಳು. ಅದನ್ನ ಮುಟ್ಟಿಸಿದ್ರೆ ನಾವೇ ಕೈಯಾರೆ ಧೂಳು ತುಂಬಿದ ಹಾಗೆ."

ಸೀಟಿನ ಕೆಳಗಿನ ಬಟ್ಟೆ ಹಳ್ಳದ ನೀರಿನಲ್ಲಿ ನೆನೆದು ಕೆಸರಾಗಿತ್ತು. ಇಡೀ ಬಯಲಿನಲ್ಲಿ ಶುಭ್ರವಾದದ್ದು ಒಂದೇ ಒಂದು ವಸ್ತು ಇತ್ತು. ಅದರ ಗುಂಡಿಗಳೆಲ್ಲ ಹಾಕಿದ್ದವು.

ಮಾವ ಆ ಕಡೆ ಈ ಕಡೆ ನೋಡಿದರು.

"ಏನು ಸೆಕೆ, ಏನು ಸೆಕೆ," ಅಂದರು ಜೋರಾಗಿ. ಗುಂಡಿ ಬಿಚ್ಚಿದರು. ಶರ್ಟು ತೆಗೆದು, ಮಡಿಕೆ ಕೆಡದಂತೆ, ಪಕ್ಕದ ಪೊದೆಯ ಮೇಲೆ ಹರಡಿದರು. ಯಾರ ಕೈಗೂ ಕೊಡಲಿಲ್ಲ. ಗಾಡಿ ಮುಟ್ಟಲಿಲ್ಲ. ಬೆನ್ನು ತಿರುಗಿಸಿ ಬಾವುಟ ಹಿಡಿದು ನಿಂತರು.

"ಬನಿಯನ್ ಹಿಂದೆ ತೂತು!" ಅಂದರು ಅತ್ತೆ. "ಎಷ್ಟು ಸಲ ಹೇಳಿದ್ದೀನಿ, ಎಸೀರಿ ಅಂತ!"

"ಗಾಳಿ ಆಡುತ್ತೆ," ಅಂದರು ಮಾವ, ತಿರುಗದೆ.

ಫೋಮನ್ನು ಶರ್ಟಿನ ಬೆನ್ನಿನಲ್ಲಿ ಸುತ್ತಿದರು. ಅತ್ತೆಯ ಅಂಗೈ ಒಂದು ಕಡೆ, ಸೊಸೆಯದು ಇನ್ನೊಂದು ಕಡೆ.

"ಹಿಂಡಬೇಡಿ ಅತ್ತೆ."

"ಗೊತ್ತು ಕಣೇ. ಒತ್ತೋದು, ಬಿಡೋದು."

ಶರ್ಟು ಎಣ್ಣೆ ಕುಡಿಯಿತು. ಬೆನ್ನಿನ ಮೇಲೆ ಫಿಲ್ಟರಿನ ಆಕಾರಕ್ಕೆ ದುಂಡನೆಯ ಕೆಂಪು ಕಲೆ ಮೂಡಿತು. ಡಬ್ಬಿಯ ತಳವನ್ನು ಕಾಲರಿನಿಂದ ಒರೆಸಿದರು. ಸೊಸೆ ಒಂದು ತೋಳನ್ನು ಕೊಳವೆಯೊಳಗೆ ತೂರಿಸಿ ಆಡಿಸಿ ಹೊರಗೆಳೆದಳು. ಎಣ್ಣೆಯ ಕಲೆ ಇತ್ತು. ಮಣ್ಣಿನ ಬಣ್ಣ ಎಲ್ಲೂ ಇರಲಿಲ್ಲ.

"ನೋಡಿ! ಮೂರು ಜನ ಸೇರಿ ಧೂಳಂತೂ ಒಂದು ಕಣ ಒಳಗೆ ಬಿಟ್ಟಿಲ್ಲ!"

"ಗಾಳೀನೂ ಬಿಟ್ಟಿಲ್ಲ," ಅಂದರು ಅತ್ತೆ. ಕ್ಲಿಪ್ ಹಾಕಿದರು. ಶರ್ಟನ್ನು ಮತ್ತೆ ಪೊದೆಯ ಮೇಲೆ ಹರಡಿದರು. ಕೀ ತಿರುಗಿಸಿದರು.

ಜೀಪು ಒಮ್ಮೆ ಸೀನಿ, ಉಸಿರೆಳೆದುಕೊಂಡು, ಹೊರಟಿತು.

8

ಈಗ ಮುಗಿಸಬೇಕು. ಮೂರು ಮುಕ್ತಾಯ ಮಾಡಿಟ್ಟಿದ್ದೇನೆ.

(ಅ) ಗೆರೆ ಕಾಣುವಷ್ಟು ಹತ್ತಿರದಲ್ಲಿ ಜೀಪು ನಿಂತುಬಿಡುತ್ತದೆ. ಹಗ್ಗ ಬರುತ್ತದೆ. ಜೀಪು ಕಟ್ಟೆ ಏರುತ್ತದೆ. ಫಿಲ್ಟರ್ ಡಬ್ಬಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತದೆ.

"ಇದು ಯಾರಿಗೆ ಖುಷಿ?" ಅಂದರು ಅತ್ತೆ, ಗೇರ್ ಬದಲಿಸುತ್ತ.

"ವಿಮರ್ಶಕರಿಗೆ."

"ಅವ್ರು ಬಂದು ತಳ್ತಾರಾ?"

(ಆ) ಮೊದಲ ಬಹುಮಾನ.

"ನಮ್ಮನ್ನ ನೀರಿನ ಟ್ಯಾಂಕರ್ ಓವರ್‌ಟೇಕ್ ಮಾಡ್ಕೊಂಡು ಹೋಯ್ತು," ಅಂದಳು ಸೊಸೆ. "ಓಟದಲ್ಲಿ ಇಲ್ದೇ ಇರೋ ಟ್ಯಾಂಕರ್. ಮೊದಲ ಬಹುಮಾನ ಅಂತೆ!"

(ಇ) ಮುಕ್ತಾಯವನ್ನು ಓದುಗರಿಗೇ ಬಿಡುವುದು. ಇದನ್ನು ಯಾರೂ ಬೇಡ ಅನ್ನುವ ಮುಂಚೆ ನಾನೇ ಹೊಡೆದು ಹಾಕಿದೆ. ಸೋಮಾರಿತನಕ್ಕೂ ಒಂದು ಮಿತಿ ಇದೆ.

8 (ಮತ್ತೆ)

ಆದದ್ದು ಇದು. ತಿರುವಿನ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಮಾವ ಅಡ್ಡದಾರಿಯಲ್ಲಿ ಗೆರೆಯ ಕಡೆಗೆ ಓಡಿಬಂದಿದ್ದರು. ಮೈಮೇಲೆ ಬನಿಯನ್, ಕೈಯಲ್ಲಿ ಶರ್ಟು, ಏದುಸಿರು. ಗೆರೆಯ ಪಕ್ಕ ಒಬ್ಬ ಬಾವುಟ ನೆಟ್ಟುಕೊಂಡು, ಬಂದ ಗಾಡಿಗಳ ಲೆಕ್ಕ ಬರೆಯಲು ಪೆನ್ನು ಹಿಡಿದು ಕೂತಿದ್ದ; ಅವನ ಹಿಂದೆ ನಾನೂ ಪೆನ್ನು ಹಿಡಿದು ನಿಂತಿದ್ದೆ.

ಜೀಪು ಬಂತು. ಹೊಗೆ ಇಲ್ಲ, ಕೆಮ್ಮು ಇಲ್ಲ. ಅತ್ತೆಯ ಹಲ್ಲು ಕಂಡಿತು. ಗೆರೆ ದಾಟಿತು.

"ಅತ್ತೆ, ಗೆರೆ! ಬಂತು! ನಿಲ್ಸಿ!" ಸೊಸೆ ನೆಲ ತುಳಿದಳು.

"ನೋಡ್ದೆ ಕಣೇ," ಅಂದರು ಅತ್ತೆ. "ಇನ್ನೊಂಚೂರು!"

ಜೀಪು ನಿಲ್ಲಲಿಲ್ಲ. ನಮ್ಮನ್ನು ದಾಟಿ, ಬಯಲಿನ ಕಡೆಗೆ ಮತ್ತೆ ತಿರುಗಿತು.

"ಬರ್ಕೊಳ್ರೀ!" ಮಾವ ಬಾವುಟದವನ ಭುಜ ಅಲುಗಿಸಿದರು. "ತನ್ನ ಚಕ್ರದ ಮೇಲೇ ಬಂತು ಅಂತ ಬರ್ಕೊಳ್ರೀ!"

"ಬಂದು ನಿಲ್ಬೇಕಲ್ಲ ಸಾರ್. ನಿಂತ್ರೆ ತಾನೆ ಬಂದ ಹಾಗೆ?"

"ನನ್ನ ಹೆಂಡ್ತಿ ನಿಲ್ಲಲ್ಲ ರೀ!"

ಅದನ್ನು ಅವರು ಹೇಳಿದ ಜೋರಿಗೆ ಆ ಕಡೆ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಮಾವ ಶರ್ಟನ್ನು ತಲೆಯ ಮೇಲೆ ಎತ್ತಿ ಬೀಸತೊಡಗಿದರು. ಬೆನ್ನಿನ ದುಂಡನೆಯ ಕೆಂಪು ಕಲೆ ಬಿಸಿಲಲ್ಲಿ ಹಾರುತ್ತಿತ್ತು. ಹೊಸ ದೇಶವೊಂದರ ಬಾವುಟ ಅನ್ನಬೇಕು.

"ಮಾವ, ಕಟ್ಟೆ ಏನು ಮಾಡ್ತೀರಿ?" ಅಂತ ಕೇಳಿದೆ.

"ಕಟ್ಟೆ ಮೇಲೆ ಕೂತ್ಕೋತೀನಿ. ಕಾಯೋಕೆ ಒಂದು ಜಾಗ ಬೇಕಲ್ಲ. ನೀನೂ ಬರ್ಕೋ, ಬಂತು ಅಂತ. ಕಥೆ ಮುಗಿಸು."

"ಮುಗಿಸೋಕಾಗ್ತಿಲ್ಲ ಮಾವ. ಇನ್ನೂ ಓಡ್ತಾ ಇದೆ."

ಜೀಪು ಎಬ್ಬಿಸಿದ ಧೂಳು ಅಷ್ಟು ಹೊತ್ತಿಗೆ ನಮ್ಮ ಮೇಲೆ ಬಂತು. ಬಾವುಟದವನು ಕಾಣದಾದ, ಗೆರೆ ಕಾಣದಾಯಿತು, ನನ್ನ ಕೈಯ ಕಾಗದವೂ ಕಾಣದಾಯಿತು. ಮಾವ ಶರ್ಟಿನ ಒಂದು ತೋಳನ್ನು ತಮ್ಮ ಮೂಗಿಗೆ ಒತ್ತಿಕೊಂಡು, ಇನ್ನೊಂದು ತೋಳನ್ನು ನನ್ನ ಕಡೆಗೆ ಚಾಚಿದರು. ಒತ್ತಿಕೊಂಡೆ. ಎಣ್ಣೆ ವಾಸನೆ ಗಪ್ಪನೆ ಹೊಡೆಯಿತು, ಆದರೆ ಉಸಿರಾಡಬಹುದಿತ್ತು. ಎಲ್ಲೋ ಹಳ್ಳದ ಹತ್ತಿರ ಇಬ್ಬರು ಕಿರುಚಿದ್ದು ಕೇಳಿಸಿತು, ಮತ್ತೆ ಇನ್ನೊಂ...